ಒಂದೇ ಮಾತಿಗೆ ಬಿಟ್ಟ ಸಿಗರೇಟು

ಮನೆಯಿಂದ, ಮೂರನೇ ಮಹಡಿ
ತಾರೀಕು ಹದಿನಾಲ್ಕು, ಭಾನುವಾರ

ಪ್ರೀತಿಯ ಅತ್ತೆ,

ನಿಮ್ಮ ಮಂಡಿ ನೋವು ಹೇಗಿದೆ? ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಿದ್ದೀರೋ, ಮಗಳ ಮನೆ ಅಂತ ಸಂಕೋಚಪಟ್ಟು ಸುಮ್ಮನೆ ಕುಂಟುತ್ತಿದ್ದೀರೋ? ನಾದಿನಿಯ ಕಾಲಿನ ಪ್ಲಾಸ್ಟರ್ ಬಿಚ್ಚಿದರಂತೆ, ಕೇಳಿ ಸಮಾಧಾನವಾಯಿತು. ಮೆಟ್ಟಿಲು ಇಳಿಯುವ ಅವಸರ ಬೇಡ ಅನ್ನಿ ಅವಳಿಗೆ. ಮೊಮ್ಮಕ್ಕಳು ನಿಮ್ಮ ಕನ್ನಡಕವನ್ನು ಇನ್ನೂ ಮುರಿದಿಲ್ಲವೆಂದು ನಂಬಿದ್ದೇನೆ. ನೀವು ಹೋಗಿ ಎರಡು ತಿಂಗಳ ಮೇಲೆ ಒಂಬತ್ತು ದಿನವಾಯಿತು. ಮೊದಲ ವಾರ ಅಡುಗೆಮನೆ ಪೂರ್ತಿ ನನ್ನದಾಯಿತೆಂದು ಖುಷಿಪಟ್ಟಿದ್ದೆ, ಸುಳ್ಳೇಕೆ ಹೇಳಲಿ. ಈಗ ಜಗಳಕ್ಕಾದರೂ ನೀವು ಬೇಕು.

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ, ನಿಮ್ಮ ಮಗ ಚೆನ್ನಾಗಿದ್ದಾರೆ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಯಾರಿಗೆ ಬರೀತಿದ್ದೀಯ ಅಂತ ಎರಡು ಸಲ ಕೇಳಿದ್ದೂ ಆಯಿತು. ಹೋದ ಭಾನುವಾರ ಫೋನಿನಲ್ಲಿ ಅವನ ದನಿ ಯಾಕೋ ಸೋತಿದೆಯಲ್ಲ ಅಂದಿರಿ, ನಾನು ನೆಗಡಿ ಅಂದೆ. ನೆಗಡಿಯಲ್ಲ. ಅದರ ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದಿದ್ದರು. ಯಾಕೆ ಹೇಳಲಿಲ್ಲವೆಂದರೆ, ನೀವು ಸ್ಪೀಕರ್ ಹಾಕದೆ ಮಾತಾಡುವವರಲ್ಲ, ನಾನು ಹೇಳಬೇಕಾದದ್ದು ಅಳಿಯನ ಕಿವಿಗೆ ಬೀಳುವಂಥದ್ದಲ್ಲ. ಅದಕ್ಕೇ ಈ ಕಾಗದ. ನೀವೊಬ್ಬರೇ ಕೂತು ಓದಿ, ಓದಿದ ಮೇಲೆ ತಲೆದಿಂಬಿನ ಕೆಳಗಿಡದೆ ಹರಿದುಹಾಕಿ.

ವಿಷಯ ಇಷ್ಟು. ನಿಮ್ಮ ಮಗ ಸಿಗರೇಟು ಬಿಟ್ಟರು. ಹೌದು, ಬಿಟ್ಟರು. ಇದನ್ನು ಓದಿ ನೀವು ಎದ್ದು ನಿಂತಿರುತ್ತೀರಿ ಅಂತ ನನಗೆ ಗೊತ್ತು, ಕೂತುಕೊಳ್ಳಿ, ಖುಷಿಪಡುವ ಮುಂಚೆ ಪೂರ್ತಿ ಕೇಳಿ. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ನಾವಿಬ್ಬರೂ ಎಷ್ಟು ಗೋಳಾಡಿದ್ದೇವೆ ಅನ್ನುವುದು ನಿಮಗೂ ಗೊತ್ತು, ಮೇಲಿನ ಮನೆಯವರಿಗೂ ಗೊತ್ತು. ನೀವು ಅತ್ತಿರಿ, ನಾನು ಜಗಳವಾಡಿದೆ. ನಾನು ಬೆಂಕಿಪೊಟ್ಟಣ ಅಡಗಿಸಿಟ್ಟೆ, ಅವರು ಒಲೆಗೆ ಬಗ್ಗಿ ಹಚ್ಚಿಕೊಂಡರು, ಹುಬ್ಬು ಸುಟ್ಟುಕೊಂಡರು. ನೀವು ಒಮ್ಮೆ ಮೂರು ದಿನ ಅವರ ಜೊತೆ ಮಾತು ಬಿಟ್ಟಿರಿ, ಅದು ಅವರಿಗೆ ತಿಳಿದದ್ದು ನಾಲ್ಕನೇ ದಿನ ನಾನು ಹೇಳಿದ ಮೇಲೆ. ನಾಲ್ಕು ವರ್ಷದ ಹಿಂದೆ ಉಸಿರು ಕಟ್ಟಿ ನೀಲಿಗಟ್ಟಿದಾಗ ಡಾಕ್ಟರು ಈ ಉಸಿರಿನ ಮಾತ್ರೆ ಬರೆದುಕೊಟ್ಟರಲ್ಲ, ಅವತ್ತು ದಿನಕ್ಕೆ ಎಷ್ಟು ಸೇದುತ್ತೀರಿ ಅಂತ ಕೇಳಿದರು. ನಿಮ್ಮ ಮಗ ಒಂದು ಪ್ಯಾಕು ಅಂದರು, ಡಾಕ್ಟರು ಬಿಡಿ ಅಂದರು, ಇವರು ಬಿಡುತ್ತೇನೆ ಅಂದರು, ಆಸ್ಪತ್ರೆಯ ಗೇಟು ದಾಟುತ್ತಿದ್ದಂತೆ ಹಚ್ಚಿಕೊಂಡರು. ಎಮ್ಮೆಯ ಮೇಲೆ ಮಳೆ ಹೊಯ್ದ ಹಾಗೆ ಅಂತ ನೀವು ಅಂದದ್ದು ಅವತ್ತೇ.

ಅಂಥ ಮನುಷ್ಯ ಹೋದ ತಿಂಗಳು ಎಂಟನೇ ತಾರೀಕು ಒಂದೇ ದಿನದಲ್ಲಿ ಬಿಟ್ಟರು ಅತ್ತೆ. ಯಾರ ಮಾತಿಗೆ? ನಿಮ್ಮ ಮಾತಿಗಲ್ಲ, ನನ್ನ ಮಾತಿಗಲ್ಲ. ಅವರ ಪ್ರೆಸ್ಸಿಗೆ ಕರಡು ತಿದ್ದುವ ಕೆಲಸಕ್ಕೆ ಒಬ್ಬಳು ಹೊಸದಾಗಿ ಬಂದಿದ್ದಾಳೆ. ಯಾವಾಗಲೂ ಕೈಯಲ್ಲಿ ಕೆಂಪು ಪೆನ್ನು, ಅದಕ್ಕೆ ಅಲ್ಲಿಯವರು ಕೆಂಪು ಪೆನ್ನು ಅಂತಲೇ ಕರೆಯುತ್ತಾರಂತೆ. ಇವರು ಕಟಿಂಗ್ ಮಷಿನ್ನಿನಲ್ಲಿ ಅಂಚು ಕತ್ತರಿಸಿದ ಹಾಳೆಯನ್ನು ಮೊದಲು ಅವಳ ಮೇಜಿಗೆ ಒಯ್ದು ಕೊಡಬೇಕು. ಅವಳು ಹಾಳೆ ಮೂಸಿ ನೋಡಿ, "ನಿಮ್ಮ ಕೈಯಿಂದ ಬಂದ ಹಾಳೆ ಹೊಗೆ ನಾತ ಹೊಡೆಯುತ್ತೆ, ಇನ್ನು ಮೇಲೆ ಬೇರೆಯವರ ಕೈಲಿ ಕಳಿಸಿ" ಅಂದಳಂತೆ. ಇಷ್ಟೇ. ಇದನ್ನು ನಿಮ್ಮ ಮಗ ಮನೆಗೆ ಬಂದು ನಗುತ್ತಾ ನನಗೆ ಹೇಳಿದರು. ನಾನೂ ನಕ್ಕೆ. ಮಾರನೆಯ ಬೆಳಿಗ್ಗೆಯಿಂದ ಸಿಗರೇಟು ಇಲ್ಲ! ನನ್ನ ಇಪ್ಪತ್ತೊಂದು ವರ್ಷ ಒಂದು ತಕ್ಕಡಿ, ಅವಳ ಒಂದು ಮಾತು ಒಂದು ತಕ್ಕಡಿ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

ನಾನು ಸಂತೋಷಪಡಬೇಕಿತ್ತು, ಒಪ್ಪುತ್ತೇನೆ. ಬಟ್ಟೆಯಲ್ಲಿ ನಾತವಿಲ್ಲ, ಪರದೆ ಹಳದಿಯಾಗುವುದಿಲ್ಲ. ಆದರೆ ನನ್ನ ಹೊಟ್ಟೆಯೊಳಗೆ ಹತ್ತಿಕೊಂಡ ಕಿಚ್ಚಿಗೆ ಏನು ಮಾಡಲಿ? ಕಾಫಿ ಕೊಡುವಾಗ ಲೋಟ ಕುಟ್ಟಿ ಇಡುತ್ತಿದ್ದೆ. ಅದೂ ಸಿಗರೇಟಿನ ಬದಲು ಅಂತ ದಿನಕ್ಕೆ ಆರೇಳು ಲೋಟ ಕಾಫಿ ಕೇಳುತ್ತಿದ್ದರು, ಅಷ್ಟು ಸಲವೂ ಕುಟ್ಟಿದೆ. ಹತ್ತು ದಿನ ಕಳೆಯುವಷ್ಟರಲ್ಲಿ ಇನ್ನೊಂದು ಶುರುವಾಯಿತು. ಊಟದ ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ದೂಡುತ್ತಿದ್ದರು. ನಿದ್ದೆ ಇಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬೆರಳು ನಡುಗುತ್ತಿತ್ತು. ಮಾತಾಡಿಸಿದರೆ ಸಿಡುಕು, ಮಾತಾಡಿಸದಿದ್ದರೆ ಗೋಡೆ ನೋಡುತ್ತಾ ಕೂರುವುದು. ಒಂದು ಬೆಳಿಗ್ಗೆ ಅವರ ಎದೆಗೆ ಕಿವಿಯಿಟ್ಟೆ, ಉಸಿರೇನೂ ಸುಂಯ್‌ಗುಡುತ್ತಿರಲಿಲ್ಲ, ಎದೆ ಮಾತ್ರ ಡವಡವ ಡವಡವ ಅಂತ ಓಡುತ್ತಿತ್ತು. ನೀವೇ ಹೇಳಿ, ಯಾವ ಹೆಂಡತಿಗೆ ಏನು ಅನ್ನಿಸಬೇಕು?

ಯಾಕೆಂದರೆ ಇದೆಲ್ಲ ನಾನು ಮುಂಚೆಯೇ ಕೇಳಿದ ಕಥೆ. ಮದುವೆಗೆ ಮುಂಚೆ ಅವರು ತಮ್ಮ ಯಜಮಾನರ ಕೋಟು ಒಗೆಸಲು ನಮ್ಮ ಲಾಂಡ್ರಿಗೆ ಬರುತ್ತಿದ್ದಾಗ ನನ್ನನ್ನು ನೋಡಿ ಹದಿನೈದು ದಿನ ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ, ಕೈ ನಡುಗಿತು, ಎದೆ ಹೊಡೆದುಕೊಂಡಿತು ಅಂತ ನೂರು ಸಲ ಹೇಳಿದ್ದಾರೆ. ಹೊಟ್ಟೆಯಲ್ಲಿ ಹುಳು ಅಂತ ನೀವು ಔಷಧಿ ಕುಡಿಸಿದ್ದಿರಂತಲ್ಲ. ಈಗ ನಲವತ್ತೇಳರಲ್ಲಿ ಅದೇ ಊಟ, ಅದೇ ನಿದ್ದೆ, ಅದೇ ಎದೆ. ಅದರ ಮೇಲೆ, ಅಂಗಿಗೆ ಇಸ್ತ್ರಿ ಸರಿ ಇಲ್ಲ, ಇನ್ನೊಂದು ಸಲ ಹಾಕು ಅಂದರು. ಲಾಂಡ್ರಿಯಲ್ಲಿ ದಿನಕ್ಕೆ ಇನ್ನೂರು ಅಂಗಿ ದಾಟಿಸುವವಳಿಗೆ ಇಸ್ತ್ರಿ ಸರಿ ಇಲ್ಲವಂತೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನಿ ಬೇಕಾದರೆ. ನನಗೆ ಹಳದಿಯೇ ಕಂಡಿತು.

ಒಂದು ಮಧ್ಯಾಹ್ನ ಲಾಂಡ್ರಿಯಿಂದ ಅರ್ಧ ಗಂಟೆ ಕೇಳಿಕೊಂಡು ಊಟದ ಡಬ್ಬಿ ಹಿಡಿದು ಪ್ರೆಸ್ಸಿಗೆ ಹೋದೆ. ನೆಪಕ್ಕೆ ಡಬ್ಬಿ, ನೋಡಬೇಕಾದದ್ದು ಅವಳನ್ನು. ಯಂತ್ರಗಳ ಸದ್ದಿಗೆ ನಾನು ಬಂದದ್ದು ಯಾರಿಗೂ ತಿಳಿಯಲಿಲ್ಲ. ಗಾಜಿನ ಕೋಣೆಯಲ್ಲಿ ಟೇಬಲ್ ದೀಪದ ಕೆಳಗೆ ಬಗ್ಗಿ ಕೂತಿದ್ದಳು. ವಯಸ್ಸು ಐವತ್ತರ ಹತ್ತಿರ, ಅರ್ಧ ತಲೆ ಬಿಳಿ, ಸಣಕಲು ಮೈ, ದಪ್ಪ ಕನ್ನಡಕ, ತೋರುಬೆರಳಿಗೆ ಕೆಂಪು ಮಸಿ. ಚೆಂದದವಳಾಗಿದ್ದರೆ ಸಮಾಧಾನವಾಗುತ್ತಿತ್ತು ಅತ್ತೆ. ಗಂಡಸಿನ ಕಣ್ಣು, ಎರಡು ದಿನದ ಹುಚ್ಚು ಅಂದುಕೊಳ್ಳಬಹುದಿತ್ತು. ಚೆಂದವೂ ಇಲ್ಲದವಳ ಮಾತಿಗೆ ಬೆಲೆ ಬಂತೆಂದರೆ ಅದು ಬೇರೆಯೇ ವಿಷಯ. ಅಷ್ಟರಲ್ಲಿ ಇವರು ಹಾಳೆ ಹಿಡಿದು ಒಳಗೆ ಹೋದರು, ಕೊಡುವಾಗ ಹಾಳೆ ಪಟಪಟ ನಡುಗಿತು, ಅವಳು ಮೂಸುವ ಹಾಗೆ ಮಾಡಿ ನಕ್ಕಳು, ಇವರೂ ನಕ್ಕರು. ಮನೆಯಲ್ಲಿ ಎರಡು ವಾರದಿಂದ ನಗದ ಬಾಯಿ. ನಾನು ಡಬ್ಬಿ ಕೊಡದೆ ವಾಪಸು ಬಂದೆ, ಲಾಂಡ್ರಿಯ ಹಿಂದಿನ ಬೆಂಚಿನ ಮೇಲೆ ಕೂತು ಆ ಊಟ ನಾನೇ ತಿಂದೆ, ತಿನ್ನುತ್ತಾ ಅತ್ತುಬಿಟ್ಟೆ.

ಆಮೇಲೆ ನಾಲ್ಕನೇ ತಾರೀಕು, ಗುರುವಾರ. ಬೈಂಡಿಂಗ್ ಕೆಲಸದ ಮುದುಕರು ನಿಮಗೆ ಗೊತ್ತಲ್ಲ, ಗೋಂದು ಮಾಮ, ಅವರು ಹನ್ನೊಂದು ಗಂಟೆಗೆ ನಿಮ್ಮ ಮಗನನ್ನು ಹೆಗಲ ಮೇಲೆ ಕೈಹಾಕಿಸಿಕೊಂಡು ಮೂರು ಮಹಡಿ ಹತ್ತಿಸಿಕೊಂಡು ಬಂದರು. ಅವತ್ತು ನನಗೆ ಎರಡನೇ ಪಾಳಿ, ಮನೆಯಲ್ಲೇ ಇದ್ದೆ. ಕಟಿಂಗ್ ಮಷಿನ್ನಿನ ಮುಂದೆ ಕಣ್ಣು ಕತ್ತಲೆಗಟ್ಟಿ ವಾಲಿದರಂತೆ, ಅಲಗು ಇಳಿಯುವ ಕಡೆಗೆ ಕೈ ಹೋಗುತ್ತಿತ್ತಂತೆ. ಮಾಮ ಕಾಲರು ಹಿಡಿದು ಹಿಂದಕ್ಕೆ ಎಳೆಯದಿದ್ದರೆ ಬಲಗೈಯ ನಾಲ್ಕು ಬೆರಳು ಇರುತ್ತಿರಲಿಲ್ಲ. ಮನೆಗೆ ಬಂದವರೇ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡರು, ಮಲಗಿದರು, ಏನಿಲ್ಲ ಸುಸ್ತು ಅಂದರು. ಉಸಿರಿನ ಮಾತ್ರೆಯೂ ಖಾಲಿಯಾಗಿತ್ತು. ಮಾಮನನ್ನು ಕಾವಲಿಗೆ ಕೂರಿಸಿ, ಮಾತ್ರೆಯ ಖಾಲಿ ಹಾಳೆ ಹಿಡಿದುಕೊಂಡು ಕೆಳಗಿನ ಮೆಡಿಕಲ್ ಶಾಪಿಗೆ ಓಡಿದೆ, ಅದೇ ಮಾತ್ರೆ, ಜೊತೆಗೆ ವಾಂತಿಗೂ ನಿದ್ದೆಗೂ ಏನಾದರೂ ಕೊಡಿ ಅಂದೆ.

ಅಂಗಡಿಯಾಕೆ ನಿಮಗೆ ಮುಲಾಮು ಕೊಡುವಾಗ ಬೈಯುತ್ತಾಳಲ್ಲ, ಅದೇ ಗುಂಗುರು ಕೂದಲಿನವಳು. ಮಾತ್ರೆಯ ಹಾಳೆ ತಿರುಗಿಸಿ ಹೆಸರು ಓದಿದಳು. ಥಿಯೋಫಿಲಿನ್ ಅಂತ ಅದರ ಹೆಸರು, ನಾಲ್ಕು ವರ್ಷ ಕೈಯಾರೆ ಕೊಟ್ಟರೂ ನನಗೆ ಗೊತ್ತಿರಲಿಲ್ಲ. ವಾಂತಿಯಾ, ಕೈ ನಡುಕವಾ, ಎದೆ ಹೊಡೆದುಕೊಳ್ಳುತ್ತಾ, ಬೇರೆ ಡಾಕ್ಟರು ಹೊಸ ಔಷಧಿ ಏನಾದರೂ ಕೊಟ್ಟರಾ ಅಂತ ಒಂದೊಂದೇ ಕೇಳಿದಳು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ಸಿಗರೇಟು ಏನಾದ್ರೂ ಬಿಟ್ರಾ?" ಅಂದಳು. ಊರಿಗೆಲ್ಲ ಸುದ್ದಿಯಾಗಿದೆ ಅಂದುಕೊಂಡೆ. ನಿಮಗೆ ಯಾರು ಹೇಳಿದ್ದು, ಆ ಪ್ರೆಸ್ಸಿನವಳು ಇಲ್ಲಿಗೂ ಬರುತ್ತಾಳಾ ಅಂತ ಕೇಳಿಯೇಬಿಟ್ಟೆ. ಆಕೆ ಪಾಪ ನನ್ನ ಮುಖವನ್ನೇ ನೋಡಿದಳು.

ಆಮೇಲೆ ಆಕೆ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಸಿಗರೇಟು ಸೇದುವವರ ಮೈ ಈ ಮಾತ್ರೆಯನ್ನು ಬೇಗಬೇಗ ಕರಗಿಸಿ ಹೊರಹಾಕುತ್ತದಂತೆ. ಡಾಕ್ಟರು ಅವತ್ತು ಪ್ಯಾಕು ಲೆಕ್ಕ ಕೇಳಿದ್ದು ಅದಕ್ಕೇ, ಸೇದುವ ಮೈಗೆ ಎಷ್ಟು ಬೇಕೋ ಅಷ್ಟು ಬರೆದಿದ್ದರು. ಸೇದುವುದು ನಿಂತರೆ ಮೈ ನಿಧಾನವಾಗುತ್ತದೆ, ಮಾತ್ರೆ ಮಾತ್ರ ಅಷ್ಟೇ ಹೋಗುತ್ತಿರುತ್ತದೆ, ರಕ್ತದಲ್ಲಿ ಏರುತ್ತಾ ಹೋಗಿ ವಿಷವಾಗುತ್ತದೆ. ಮೇಲೆ ಕಾಫಿ ಕುಡಿದರೆ ಅದೂ ಕೂಡಿಕೊಳ್ಳುತ್ತದಂತೆ, ನಾನು ಕುಟ್ಟಿ ಕುಟ್ಟಿ ಕೊಟ್ಟ ಆರೇಳು ಲೋಟ. ಮುಂದಿನ ಮಾತ್ರೆ ಕೊಡಬೇಡಿ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಖಾಲಿ ಹಾಳೆ ಜೊತೆಗೇ ಇರಲಿ ಅಂದಳು. ಬಿಟ್ಟ ದಿನವೇ ಡಾಕ್ಟರಿಗೆ ಹೇಳಬೇಕಿತ್ತಲ್ಲಮ್ಮ ಅಂತ ಗದರಿದಳು. ನನಗೂ ರೇಗಿತು. "ಕೆಟ್ಟದ್ದಾದ್ರೆ ಡಾಕ್ಟರ ಹತ್ರ ಹೋಗ್ತೀವಿ, ಒಳ್ಳೇದಾಯ್ತು ಅಂತ ಹೇಳೋಕೆ ಯಾರಾದ್ರೂ ಹೋಗ್ತಾರಾ?" ಅಂದೆ. ಅಂದವಳೇ ಓಡಿದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಎದೆಗೆ ತಂತಿ ಅಂಟಿಸಿ ಇಸಿಜಿ ಮಾಡಿದರು. ಎದೆ ಬಡಿತ ನೂರಮೂವತ್ತಕ್ಕೂ ಮೇಲಿತ್ತು, ನಡುವೆ ತಾಳ ತಪ್ಪುತ್ತಿತ್ತು. ಇನ್ನೆರಡು ದಿನ ಹೀಗೇ ನುಂಗಿದ್ದರೆ ಫಿಟ್ಸ್ ಬರಬಹುದಿತ್ತು, ಎದೆಯೇ ನಿಲ್ಲಬಹುದಿತ್ತು ಅಂದರು ಡಾಕ್ಟರು. ನಾನು ಪ್ರೀತಿ ಅಂತ ಲೆಕ್ಕ ಹಾಕಿದ್ದು ಇದನ್ನು, ಅತ್ತೆ. ಪಕ್ಕದಲ್ಲಿ ಮಲಗಿದವರು ಸಾಯುತ್ತಿದ್ದರು, ನಾನು ಹೊಟ್ಟೆಕಿಚ್ಚುಪಡುತ್ತಿದ್ದೆ. ನಡುವೆ ಒಂದಾದರೂ ಸೇದಿದಿರಾ, ನಿಜ ಹೇಳಿ ಅಂತ ಡಾಕ್ಟರು ಕೇಳಿದರು. ಇವರು ಇಲ್ಲ ಅಂದರು. ನಾನು ಸಲೈನಿನ ಬಾಟಲಿ ನೋಡುತ್ತಾ ನಿಂತೆ. ಶನಿವಾರದವರೆಗೆ ಇಟ್ಟುಕೊಂಡು ಕಳಿಸಿದರು. ಈಗ ಅದೇ ಮಾತ್ರೆಯಲ್ಲಿ ಕಡಿಮೆ ಶಕ್ತಿಯದ್ದು ಕೊಟ್ಟಿದ್ದಾರೆ, ಮೊನ್ನೆ ಶುಕ್ರವಾರ ಮತ್ತೆ ರಕ್ತ ನೋಡಿ ಸರಿಯಾಗಿದೆ ಅಂದರು. ಇಡೀ ಮಾತ್ರೆ ನುಂಗಬೇಕಂತೆ, ಪುಡಿ ಮಾಡುವುದಾಗಲಿ ಜಗಿಯುವುದಾಗಲಿ ಕೂಡದು, ಅದು ನಿಧಾನವಾಗಿ ಕರಗಲೆಂದೇ ಮಾಡಿದ್ದು. ಗಂಟಲಲ್ಲಿ ಸಿಕ್ಕುತ್ತದೆಯೆಂದು ನೀವು ಜೇನಿನಲ್ಲಿ ಅರೆದು ಕೊಡುತ್ತಿದ್ದಿರಲ್ಲ, ಅದನ್ನು ಡಾಕ್ಟರಿಗೆ ನಾನು ಹೇಳಲಿಲ್ಲ, ನೀವು ಇನ್ನು ಮಾಡದಿದ್ದರೆ ಸಾಕು. ದಿನಾ ಅದೇ ಹೊತ್ತಿಗೆ ಕೊಡಬೇಕು, ಒಂದು ಹೊತ್ತು ಮರೆತರೆ ಎರಡು ಸೇರಿಸಿ ಕೊಡಬಾರದು. ಜ್ವರಕ್ಕೆ ಅಂತ ಬೇರೆ ಡಾಕ್ಟರ ಹತ್ತಿರ ಹೋದರೂ ಈ ಮಾತ್ರೆಯ ಹೆಸರು ಮೊದಲು ಹೇಳಬೇಕು, ಕೆಲವು ಔಷಧಿ ಇದಕ್ಕೆ ಆಗುವುದಿಲ್ಲ. ನಾವಾಗಿಯೇ ನಿಲ್ಲಿಸುವುದೂ ಇಲ್ಲ, ಹೆಚ್ಚು ಮಾಡುವುದೂ ಇಲ್ಲ. ಮತ್ತೆ ಸಿಗರೇಟು ಶುರುವಾದರೆ ಅದನ್ನೂ ಹೇಳಬೇಕಂತೆ, ಆಗ ಈ ಮಾತ್ರೆ ಸಾಲದೆ ಉಸಿರು ಕಟ್ಟುತ್ತದೆ. ಕಾಫಿ ದಿನಕ್ಕೆ ಒಂದೇ ಲೋಟ. ಈಗ ಕುಟ್ಟದೆ ಕೊಡುತ್ತಿದ್ದೇನೆ.

ಎದೆ ಹೊಡೆದುಕೊಂಡದ್ದು ಮಾತ್ರೆಯಿಂದ, ಅವಳಿಂದಲ್ಲ ಅಂತ ತಿಳಿದು ನನಗೆ ಅಳುವೇ ಬಂತು. ಆದರೆ ನಿಮ್ಮ ಸೊಸೆಯ ಬುದ್ಧಿ ನಿಮಗೆ ಗೊತ್ತಲ್ಲ. ಆಸ್ಪತ್ರೆಯ ಮಂಚದ ಪಕ್ಕ ಮೂಸಂಬಿ ಸುಲಿಯುತ್ತಾ ಕೂತಾಗ ಮತ್ತೆ ತಲೆ ಎತ್ತಿತು. ಎದೆ ಬಡಿತಕ್ಕೆ ಮಾತ್ರೆ ಕಾರಣ ಸರಿ, ಸಿಗರೇಟು ಬಿಟ್ಟದ್ದಕ್ಕೆ ಯಾರು ಕಾರಣ? ತಡೆಯಲಾರದೆ ಕೇಳಿದೆ. ನಾನೂ ಅತ್ತೆಯೂ ಇಷ್ಟು ವರ್ಷ ಬಾಯಿ ಬಡಿದುಕೊಂಡೆವು, ಅವಳ ಒಂದು ಮಾತಿಗೆ ಹೇಗೆ ಬಿಟ್ಟಿರಿ ಅಂದೆ. ಕೈಯಲ್ಲಿದ್ದ ತೊಳೆಯನ್ನು ತಟ್ಟೆಗೆ ವಾಪಸು ಇಟ್ಟರು. ಆಮೇಲೆ, "ನಿಂಗೂ ಅಮ್ಮಂಗೂ ಬಿಡ್ತೀನಿ ಅಂತ ಎಷ್ಟು ಸಲ ಸುಳ್ಳು ಹೇಳಿದೀನಿ. ಇನ್ನೊಂದು ಸಲ ಹೇಳಿದ್ರೆ ನಂಗೇ ನಗು ಬರ್ತಿತ್ತು. ಆಕೆಗೆ ಇನ್ನೂ ಒಂದೂ ಸುಳ್ಳು ಹೇಳಿರಲಿಲ್ಲ" ಅಂದರು. ಸಮಾಧಾನ ಮಾಡಲು ಹೇಳಿದರೋ, ನಿಜವನ್ನೇ ಹೇಳಿದರೋ, ನನಗಂತೂ ಚುಚ್ಚಿತು. ನಮ್ಮ ಹತ್ತಿರ ಮುಗಿದುಹೋದದ್ದು ಅವಳ ಹತ್ತಿರ ಇನ್ನೂ ಬಾಕಿ ಇತ್ತಂತೆ. ನೀವು ತಾಯಿ, ನಿಮಗೆ ಹೇಗನ್ನಿಸುತ್ತದೋ ತಿಳಿಯದು. ನನಗೆ ಈಗಲೂ ಅವಳ ಮೇಲೆ ಉರಿಯುತ್ತದೆ. ನಿಮ್ಮ ಮಗ ಉಸಿರಾಡುವುದನ್ನು ಕೇಳಿದಾಗ ಮಾತ್ರ ಸ್ವಲ್ಪ ಕಡಿಮೆಯಾಗುತ್ತದೆ, ಈಗ ಮೂರು ಮಹಡಿಯನ್ನು ನಡುವೆ ನಿಲ್ಲದೆ ಹತ್ತುತ್ತಾರೆ.

ನಾದಿನಿಗೆ ನನ್ನ ನೆನಪು ಹೇಳಿ, ಮಕ್ಕಳಿಗೆ ಮುತ್ತು. ಅವಳು ಊರುಗೋಲಿಲ್ಲದೆ ನಡೆಯುವ ದಿನ ನೀವು ಹೊರಟು ಬನ್ನಿ, ಒಂದು ದಿನವೂ ಹೆಚ್ಚು ನಿಲ್ಲಬೇಡಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ, ಈ ಸಲ ನನ್ನ ಮೇಲೆ ಒಂದು ಚೂರು ಹೆಚ್ಚಿರಲಿ.

ನಿಮ್ಮ ಜಗಳಗಂಟಿ ಸೊಸೆ

ಕಾಗದ ಮಡಿಸುವ ಮುಂಚೆ ಇನ್ನೊಂದು. ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಈಗ ಇವರು ಸ್ನಾನಕ್ಕೆ ಹೋಗಿದ್ದಾರೆ, ಬೇಗ ಬರೆದುಬಿಡುತ್ತೇನೆ. ಆ ಗುರುವಾರ ಬೆಳಿಗ್ಗೆ ಅವರ ಅಂಗಿಯ ಜೇಬಿಗೆ ಒಂದು ಪ್ಯಾಕು ಸಿಗರೇಟು ನಾನೇ ಹಾಕಿ ಕೊಟ್ಟಿದ್ದೆ. ಅವಳ ಮಾತಿಗೆ ಬಿಟ್ಟು ಚೆನ್ನಾಗಿರುವುದಕ್ಕಿಂತ ನನ್ನ ಮಾತು ಕೇಳದೆ ಸೇದಿಕೊಂಡೇ ಇರಲಿ ಅನ್ನಿಸಿತ್ತು. ಇಪ್ಪತ್ತೊಂದು ವರ್ಷ ಬಿಡಿ ಬಿಡಿ ಅಂದವಳು ನಾನೇ, ನೋಡಿ. ನಿನ್ನೆ ಗೋಂದು ಮಾಮ ನೋಡಲು ಬಂದವರು ಹೇಳಿದರು, ಅವತ್ತು ಕಾಗದದ ಕಟ್ಟಿನ ಮೇಲೆ ಮಲಗಿಸಿ ಗುಂಡಿ ಬಿಚ್ಚಿದಾಗ ಪ್ಯಾಕು ಕೆಳಗೆ ಬಿತ್ತಂತೆ, ಸೀಲು ಕೂಡ ಒಡೆದಿರಲಿಲ್ಲ. ಆ ಕೆಂಪು ಪೆನ್ನಿನಾಕೆ ಎತ್ತಿಕೊಂಡು, ಮತ್ತೆ ಶುರುವಾಯ್ತಾ ಅಂತ ಕೇಳಿದಳಂತೆ. ಅಂಗಿ ಕೈಗೆ ಕೊಟ್ಟವಳು ನಾನು, ಪ್ಯಾಕು ಎಲ್ಲಿಂದ ಬಂತೆಂದು ಇವರಿಗೆ ತಿಳಿಯದೆ ಇರುತ್ತದೆಯೇ? ನನ್ನ ಹೆಸರು ಎತ್ತಲಿಲ್ಲ. "ಹೌದು ಮೇಡಂ, ತಡೆಯೋಕಾಗ್ಲಿಲ್ಲ, ನಾನೇ ತಗೊಂಡೆ" ಅಂದರಂತೆ. ಮನೆಗೆ ಬಂದ ಮೇಲೂ ನನ್ನನ್ನು ಒಂದು ಮಾತು ಕೇಳಿಲ್ಲ. ಪ್ರೆಸ್ಸಿನಲ್ಲಿ ಎಲ್ಲರೂ ಒಂದು ತಿಂಗಳೂ ತಡೆಯಲಿಲ್ಲ ಅಂತ ನಗುತ್ತಿದ್ದಾರಂತೆ. ನಾಳೆ ಇವರು ಕೆಲಸಕ್ಕೆ ಹೋಗಬೇಕು. ಸೇದುವವನೆಂದೇ ಎಲ್ಲರೂ ನೋಡಿದರೆ ಎಷ್ಟು ದಿನ ಸೇದದೆ ಇದ್ದಾರು? ಸೇದಿದರೆ ಉಸಿರಿಗೆ ಏನಾಗುತ್ತದೆಂದು ಈಗ ನನಗೆ ಗೊತ್ತು. ಆದ್ದರಿಂದ ನಾಳೆ ನಾನೂ ಜೊತೆಗೆ ಹೋಗಿ ಆಕೆಯ ಮೇಜಿನ ಮುಂದೆ ನಿಂತು, ಪ್ಯಾಕು ಇಟ್ಟವಳು ನಾನು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ಹೇಳಿಬಿಟ್ಟರೆ, ಆಕೆಯ ಮುಂದೆ ಅವರು ನನಗಾಗಿ ಹೇಳಿದ ಆ ಒಂದು ಸುಳ್ಳೂ ಹೋಗಿಬಿಡುತ್ತದೆ ಅತ್ತೆ. ಇವತ್ತು ಹೇಗೂ ಪ್ರೆಸ್ಸಿಗೆ ರಜೆ. ಇವತ್ತೊಂದು ದಿನ ಆ ಸುಳ್ಳು ನನ್ನದಾಗಿರಲಿ.